ಪನೀರ್ ತೆಗೆದ ಮೇಲೆ ಉಳಿಯುವ ನೀರು: ಅಡುಗೆಮನೆಗೋ, ಚರಂಡಿಗೋ?

(ಸ್ವಸಹಾಯ ಗುಂಪುಗಳ ಸದಸ್ಯರಿಗಾಗಿ ಗ್ರಾಮ ಪಂಚಾಯತಿ ಸಭಾಂಗಣದಲ್ಲಿ ಏರ್ಪಡಿಸಿದ್ದ ಮಾಹಿತಿ ಹಾಗೂ ಪ್ರಾತ್ಯಕ್ಷಿಕೆ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಾಲು ಉಕ್ಕಿದರೆ ಶುಭ, ಒಡೆದರೆ ಅಶುಭ ಎಂಬುದು ಕನ್ನಡ ನಾಡಿನ ಮನೆಗಳ ಹಳೆಯ ನಂಬಿಕೆ. ಗೃಹಪ್ರವೇಶದ ದಿನ ಸಂಭ್ರಮದಿಂದ ಹಾಲು ಉಕ್ಕಿಸುವವರೇ, ಬೆಳಗಿನ ಕಾಫಿಗೆಂದು ಒಲೆಯ ಮೇಲಿಟ್ಟ ಹಾಲು ಒಡೆದಾಗ ಮುಖ ಸಪ್ಪಗೆ ಮಾಡಿಕೊಂಡು ಅದನ್ನು ಬಚ್ಚಲಿಗೆ ಚೆಲ್ಲುತ್ತಾರೆ. ಈ ಮನೋಭಾವದಿಂದಾಗಿ ಹಾಲನ್ನು ಬೇಕೆಂದೇ ಒಡೆಸಿ ತಿನ್ನುವ ಪದಾರ್ಥವು ಇಲ್ಲಿನ ಅಡುಗೆಗೆ ಹೊರಗಿನದು ಎಂಬ ಭಾವನೆ ಬೇರೂರಿದೆ. ಪನೀರ್ ಎಂಬ ಪದ ಪರ್ಷಿಯನ್ ಮೂಲದ್ದೆಂಬುದು ನಿಜ. ಆದರೆ ಆ ವಿಧಾನ ಈ ನಾಡಿಗೆ ಅಪರಿಚಿತವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅಡುಗೆಯ ಭಾಗದಲ್ಲಿ, ಕಾಯಿಸಿದ ಹಾಲಿಗೆ ಹುಳಿ ಬೆರೆಸಿ ಒಡೆಸುವುದು, ಅದನ್ನು ಬಟ್ಟೆಯಲ್ಲಿ ಸೋಸುವುದು, ಉಳಿದ ಗಟ್ಟಿಯನ್ನು ಅಕ್ಕಿಹಿಟ್ಟಿನೊಡನೆ ನಾದಿ ಕರಿದು ಸಿಹಿ ಮಾಡುವುದು ವರ್ಣಿತವಾಗಿದೆ. ಆ ಭಕ್ಷ್ಯಕ್ಕೆ ‘ಕ್ಷೀರಪ್ರಕಾರ’ ಎಂದು ಹೆಸರು. ಆತನ ರಾಜಧಾನಿಯೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಒಂಬೈನೂರು ವರ್ಷಗಳ ಹಿಂದಿನ ಅರಮನೆಯ ಅಡುಗೆಯವರಿಗೆ ಗೊತ್ತಿದ್ದ ಕೆಲಸವಿದು.

ಹಾಗೆ ಸೋಸಿದ ನೀರು ಆಗ ಎಲ್ಲಿಗೆ ಹೋಗುತ್ತಿತ್ತು ಎಂಬುದು ಇಂದಿನ ವಿಷಯವಲ್ಲ. ಈಗ ಎಲ್ಲಿಗೆ ಹೋಗುತ್ತಿದೆ ಎಂಬುದು ಮಾತ್ರ ಇಂದಿನ ವಿಷಯ. ಮದುವೆಯ ಊಟದಲ್ಲಿ, ರಸ್ತೆ ಬದಿಯ ಹೋಟೆಲಿನಲ್ಲಿ, ಮಕ್ಕಳ ಹುಟ್ಟುಹಬ್ಬದಲ್ಲಿ ಪನೀರ್ ಈಗ ಹಳ್ಳಿಗೂ ಬಂದಿದೆ. ಮನೆಯಲ್ಲಿ ಹಸು ಕಟ್ಟಿದವರು, ಸಂಜೆಯ ಹಾಲು ಮಿಕ್ಕವರು, ಹಬ್ಬದ ದಿನ ಡೈರಿಗೆ ಹಾಕಲಾಗದ ಹಾಲನ್ನು ಏನು ಮಾಡಬೇಕೆಂದು ತಿಳಿಯದವರು ಅದನ್ನು ಮನೆಯಲ್ಲಿಯೇ ತಯಾರಿಸಲು ಆರಂಭಿಸಿದ್ದಾರೆ. ಕೆಲವು ಗುಂಪುಗಳು ಇದನ್ನೇ ಉದ್ಯೋಗವಾಗಿ ಕೈಗೊಳ್ಳಲು ವಿಚಾರಿಸುತ್ತಿವೆ. ಒಂದು ಲೀಟರ್ ಹಸುವಿನ ಹಾಲಿನಿಂದ 130ರಿಂದ 160 ಗ್ರಾಂ ಪನೀರ್ ದೊರೆತರೆ, ಸುಮಾರು 800 ಮಿಲಿ ಲೀಟರ್ ನೀರು ಹೊರಬರುತ್ತದೆ. ಅಂದರೆ ಹಾಲಿನ ದೊಡ್ಡ ಪಾಲು ಪನೀರ್ ಆಗುವುದೇ ಇಲ್ಲ. ಈ ನೀರಿಗೆ ಹಾಲೊಡಕು ಎಂಬ ಹೆಸರು ಬಳಕೆಯಲ್ಲಿದೆ. ಬಹುತೇಕ ಮನೆಗಳಲ್ಲಿ ಅದಕ್ಕೆ ಹೆಸರೂ ಇಲ್ಲ, ಪಾತ್ರೆಯೂ ಇಲ್ಲ, ನೇರವಾಗಿ ತೊಟ್ಟಿಯ ಕೊಳವೆಗೆ ಹೋಗುತ್ತದೆ.

ಮೊದಲು ತಯಾರಿಕೆಯ ಕ್ರಮವನ್ನು ನೋಡಬಹುದು. ಏಕೆಂದರೆ ಉಳಿಯುವ ನೀರಿನ ಗುಣ, ಹಾಲು ಒಡೆಸಿದ ರೀತಿಯನ್ನೇ ಅವಲಂಬಿಸಿದೆ.

ಹಾಲು ಶುದ್ಧವಾಗಿರಬೇಕು, ಅಂದಿನದಾಗಿರಬೇಕು. ಹುಳಿಯ ವಾಸನೆ ಬಂದ ಹಾಲಿನಿಂದ ಪನೀರ್ ಮಾಡಿದರೆ ಆ ವಾಸನೆ ಪನೀರಿಗೂ ನೀರಿಗೂ ಅಂಟುತ್ತದೆ. ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆಯುತ್ತಿರುವ ಹಸುವಿನ ಹಾಲನ್ನು, ಪಶುವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಇದಕ್ಕೆ ಬಳಸತಕ್ಕದ್ದಲ್ಲ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಔಷಧದ ಅಂಶ ಹೋಗುವುದಿಲ್ಲ. ಪ್ಯಾಕೆಟ್ ಹಾಲಿನಿಂದಲೂ ಪನೀರ್ ಮಾಡಬಹುದು. ಆದರೆ ಶೇಕಡಾ 3ರಷ್ಟು ಕೊಬ್ಬಿರುವ ಟೋನ್ಡ್ ಹಾಲಿನ ಪನೀರ್ ಪ್ರಮಾಣದಲ್ಲಿ ಕಡಿಮೆ, ತಿನ್ನಲು ಒಣಕಲು. ಎಮ್ಮೆಯ ಹಾಲಿನಲ್ಲಿ ಕೊಬ್ಬೂ ಸಸಾರಜನಕವೂ ಹೆಚ್ಚಿರುವುದರಿಂದ ಲೀಟರಿಗೆ 200 ಗ್ರಾಂ ಮೀರಿ ಪನೀರ್ ದೊರೆಯುತ್ತದೆ, ತುಂಡುಗಳೂ ಗಟ್ಟಿಯಾಗಿ ನಿಲ್ಲುತ್ತವೆ.

ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಹಾಲನ್ನು ತಳ ಹಿಡಿಯದಂತೆ ಕೈಯಾಡಿಸುತ್ತ ಒಂದು ಕುದಿ ಬರಿಸಬೇಕು. ನಂತರ ಒಲೆಯಿಂದ ಇಳಿಸಿ ನಾಲ್ಕೈದು ನಿಮಿಷ ಆರಲು ಬಿಟ್ಟರೆ ಅದು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿರುತ್ತದೆ. ಹುಳಿ ಬೆರೆಸಲು ಇದೇ ಹದ. ಒಂದು ಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ನಿಂಬೆರಸವನ್ನು ಅಷ್ಟೇ ಬಿಸಿನೀರಿನಲ್ಲಿ ಬೆರೆಸಿಟ್ಟುಕೊಳ್ಳಬೇಕು. ನಿಂಬೆ ದುಬಾರಿಯಾದ ಬೇಸಿಗೆಯಲ್ಲಿ, ನಿಂಬೆ ಉಪ್ಪು ಎಂದು ಅಂಗಡಿಗಳಲ್ಲಿ ಮಾರುವ ಸಿಟ್ರಿಕ್ ಆಮ್ಲವನ್ನು ಲೀಟರಿಗೆ ಸುಮಾರು 2 ಗ್ರಾಂ ಲೆಕ್ಕದಲ್ಲಿ ಒಂದು ಲೋಟ ಬಿಸಿನೀರಿಗೆ ಕರಗಿಸಿ ಬಳಸಬಹುದು. ಈ ದ್ರವವನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಮೆಲ್ಲಗೆ ತಿರುವಬೇಕು. ಗಟ್ಟಿಯು ಬೇರೆಯಾಗಿ ತಿಳಿಹಸಿರು ಛಾಯೆಯ ನೀರು ಕಾಣಿಸಿಕೊಂಡ ಕ್ಷಣವೇ ಹುಳಿ ಹಾಕುವುದನ್ನು ನಿಲ್ಲಿಸಬೇಕು. ನೀರು ಇನ್ನೂ ಹಾಲಿನಂತೆ ಬೆಳ್ಳಗಿದ್ದರೆ ಹುಳಿ ಸಾಲದು ಎಂದರ್ಥ, ಇನ್ನೊಂದು ಚಮಚ ಹಾಕಬೇಕು. ಬೆಳ್ಳಗಿನ ನೀರನ್ನೇ ಸೋಸಿಬಿಟ್ಟರೆ ಪನೀರ್ ಆಗಬೇಕಾದದ್ದು ನೀರಿನೊಂದಿಗೆ ಹೋಗುತ್ತದೆ. ಹುಳಿ ಮಿತಿಮೀರಿದರೆ ಪನೀರ್ ಪುಡಿಪುಡಿಯಾಗುತ್ತದೆ. ಒಡೆದ ಮೇಲೂ ಒಲೆಯ ಮೇಲೆಯೇ ಕುದಿಯಲು ಬಿಟ್ಟರೆ ರಬ್ಬರಿನಂತಾಗುತ್ತದೆ.

ಐದು ನಿಮಿಷ ಹಾಗೆಯೇ ಬಿಟ್ಟು, ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಹತ್ತಿ ಬಟ್ಟೆಯ ಮೂಲಕ ಸೋಸಬೇಕು. ಹಳೆಯ ತೆಳುಪಂಚೆಯ ತುಂಡು ಇದಕ್ಕೆ ಬಹಳ ಒಳ್ಳೆಯದು, ಸಾಬೂನಿನ ವಾಸನೆ ಇರಬಾರದು ಅಷ್ಟೆ. ಕೆಳಗೆ ಪಾತ್ರೆ ಇಡುವುದನ್ನು ಮರೆಯಬಾರದು. ಇಂದಿನ ಉಪನ್ಯಾಸವೆಲ್ಲ ಆ ಪಾತ್ರೆಯ ಕುರಿತಾದದ್ದು. ಹುಳಿ ಹೋಗಲೆಂದು ಬಟ್ಟೆಯೊಳಗಿನ ಗಟ್ಟಿಯ ಮೇಲೆ ತಣ್ಣೀರು ಹಾಕುವವರು, ಮೊದಲ ನೀರು ಪೂರ್ತಿ ಇಳಿದ ಮೇಲೆ ಪಾತ್ರೆ ಬದಲಿಸಿ ಹಾಕಬೇಕು. ಬಳಿಕ ಬಟ್ಟೆಯನ್ನು ಚೌಕವಾಗಿ ಮಡಿಸಿ, ಮೇಲೊಂದು ತಟ್ಟೆಯಿಟ್ಟು, ಎರಡು ಮೂರು ಕಿಲೋ ತೂಕದ ನೀರು ತುಂಬಿದ ಪಾತ್ರೆಯನ್ನು ಇಪ್ಪತ್ತು ನಿಮಿಷ ಹೇರಿದರೆ ಪನೀರ್ ಸಿದ್ಧ. ಅದನ್ನು ಎರಡು ಗಂಟೆ ತಣ್ಣೀರಿನಲ್ಲಿ ಮುಳುಗಿಸಿಟ್ಟರೆ ಕತ್ತರಿಸಲು ಸುಲಭ. ಫ್ರಿಜ್ ಇಲ್ಲದ ಮನೆಯಲ್ಲಿ ಅಂದೇ ಮುಗಿಸಬೇಕು. ಇದ್ದರೂ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡುವುದು ಬೇಡ.

ಹಾಲು ಹುಳಿಗೆ ಒಡೆಯುವುದೇಕೆ? ಹಾಲಿನ ಸಸಾರಜನಕದಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನ್ ಎಂಬುದು. ಅದರ ಕಣಗಳು ಒಂದೇ ಬಗೆಯ ವಿದ್ಯುದಂಶ ಹೊಂದಿರುವುದರಿಂದ ಪರಸ್ಪರ ದೂರ ತಳ್ಳುತ್ತ ಹಾಲಿನಲ್ಲಿ ತೇಲುತ್ತಿರುತ್ತವೆ. ಹುಳಿ ಬಿದ್ದಾಗ ಆ ವಿದ್ಯುದಂಶ ಕುಗ್ಗಿ, ಕಣಗಳು ಒಂದನ್ನೊಂದು ಹಿಡಿದುಕೊಂಡು ಕೊಬ್ಬನ್ನೂ ತಮ್ಮೊಳಗೆ ಸೆರೆಹಿಡಿಯುತ್ತವೆ. ಉಳಿದ ಐದನೆಯ ಪಾಲು ಸಸಾರಜನಕವು ಹುಳಿಗೆ ಬಗ್ಗುವಂಥದ್ದಲ್ಲ, ಶಾಖಕ್ಕೆ ಬಗ್ಗುವಂಥದ್ದು. ಹಸು ಕರು ಹಾಕಿದ ಹೊಸದರಲ್ಲಿ ಗಿಣ್ಣದ ಹಾಲು ಯಾವ ಹುಳಿಯೂ ಇಲ್ಲದೆ ಬರಿಯ ಹಬೆಗೆ ಗಟ್ಟಿಯಾಗುವುದು, ಈ ಎರಡನೆಯ ಬಗೆಯ ಸಸಾರಜನಕ ಅದರಲ್ಲಿ ವಿಪರೀತವಾಗಿರುವ ಕಾರಣದಿಂದಲೇ. ಪನೀರಿಗೆ ಹಾಲನ್ನು ಮೊದಲು ಕುದಿಸುವುದರಿಂದ ಈ ಭಾಗದ ಬಹುಪಾಲು ಕೇಸೀನಿಗೆ ಅಂಟಿಕೊಂಡು ಪನೀರಿನಲ್ಲಿಯೇ ಉಳಿಯುತ್ತದೆ.

ಈ ಸಂಗತಿಯನ್ನು ವಿವರವಾಗಿ ಹೇಳಲು ಕಾರಣವಿದೆ. ವ್ಯಾಯಾಮಶಾಲೆಗೆ ಹೋಗುವ ಯುವಕರು ಸಾವಿರಾರು ರೂಪಾಯಿ ಕೊಟ್ಟು ತರುವ ‘ವೇ ಪ್ರೋಟೀನ್’ ಪುಡಿಯೇ ಈ ನೀರಿನಲ್ಲಿದೆ ಎಂಬ ಮಾತು ಹರಡಿದೆ. ಅದು ಪೂರ್ತಿ ಸರಿಯಲ್ಲ. ಆ ಪುಡಿಗೆ ಬಳಸುವುದು ಬಹುಮಟ್ಟಿಗೆ ಚೀಸ್ ತಯಾರಿಕೆಯಲ್ಲಿ ಉಳಿದ ಹಾಲೊಡಕು. ಅಲ್ಲಿ ಹಾಲನ್ನು ಹೀಗೆ ಕುದಿಸುವುದಿಲ್ಲವಾದ್ದರಿಂದ ಆ ಸಸಾರಜನಕ ನೀರಿನಲ್ಲಿ ಉಳಿಯುತ್ತದೆ, ಅದನ್ನು ಯಂತ್ರಗಳಲ್ಲಿ ಬೇರ್ಪಡಿಸಿ ಒಣಗಿಸುತ್ತಾರೆ. ಮನೆಯ ಪನೀರಿನ ನೀರಿನಲ್ಲಿ ಸಸಾರಜನಕ ನೂರಕ್ಕೆ ಅರ್ಧ ಗ್ರಾಮಿನ ಆಸುಪಾಸು ಮಾತ್ರ. ಇದೇ ಕಾರಣಕ್ಕೆ ಆ ನೀರನ್ನು ಮತ್ತೆ ಕುದಿಸಿ ಎರಡನೆಯ ಸಲ ಗಟ್ಟಿ ತೆಗೆಯುವ ಪ್ರಯತ್ನವೂ ಫಲಿಸುವುದಿಲ್ಲ. ಇಲ್ಲದ ಗುಣವನ್ನು ಹೊರಿಸಿ ಹೊಗಳಿದರೆ, ಇರುವ ಗುಣವನ್ನೂ ಜನ ನಂಬದಂತಾಗುತ್ತದೆ.

ಹಾಗಾದರೆ ಇರುವುದೇನು? ಹಾಲಿನ ಕೊಬ್ಬು ಮತ್ತು ಸಸಾರಜನಕಗಳ ಸುಮಾರು 90 ಭಾಗ ಪನೀರಿಗೆ ಸೇರಿದರೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ನ ಸುಮಾರು 90 ಭಾಗ ನೀರಿಗೆ ಸೇರುತ್ತದೆ. ಖನಿಜಾಂಶಗಳು ಹೆಚ್ಚುಕಡಿಮೆ ಸಮಪಾಲು. ಒಂದು ಲೀಟರ್ ಹಸುವಿನ ಹಾಲಿನಲ್ಲಿ ನೀರು ಬಿಟ್ಟು ಉಳಿದ ಪದಾರ್ಥ 120 ಗ್ರಾಮಿಗೂ ಮೇಲ್ಪಟ್ಟಿದ್ದರೆ, ಅದರಲ್ಲಿ 50 ಗ್ರಾಮಿನಷ್ಟು ಈ ತಿಳಿನೀರಿನೊಂದಿಗೆ ಹೊರಟುಹೋಗುತ್ತದೆ. ಹುಳಿಯು ಸುಣ್ಣದಂಶವನ್ನು ಕರಗಿಸುವುದರಿಂದ ಕ್ಯಾಲ್ಸಿಯಂ ಕೂಡ ಅದರೊಂದಿಗಿದೆ. ನೀರಿನ ಹಸಿರು ಛಾಯೆಗೆ ಕಾರಣ ರೈಬೋಫ್ಲಾವಿನ್, ಅಂದರೆ ಬಿ2 ಜೀವಸತ್ವ. ಬೆಳಕು ತಗುಲಿದರೆ ಅದು ನಾಶವಾಗುತ್ತದೆ. ಆದ್ದರಿಂದ ಈ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಕಿಟಕಿಯ ಬಿಸಿಲಿಗಿಡಬಾರದು. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಂತೂ ಇಡಲೇಬಾರದು, ಹುಳಿಗೆ ಲೋಹ ಕರಗಿ ವಿಷವಾಗುತ್ತದೆ. ಮುಚ್ಚಳವಿರುವ ಸ್ಟೀಲ್ ಪಾತ್ರೆ ಸಾಕು. ಹೊರಗಿಟ್ಟರೆ ಅಂದೇ ಬಳಸಬೇಕು, ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ.

ಅಡುಗೆಯಲ್ಲಿ ಇದರ ಮೊದಲ ಸ್ಥಾನ ಹಿಟ್ಟು ಕಲಸುವಲ್ಲಿ. ಚಪಾತಿ ಹಿಟ್ಟನ್ನು ನೀರಿನ ಬದಲು ಇದರಲ್ಲಿ ಕಲಸಿದರೆ ಚಪಾತಿ ಮೃದುವಾಗುತ್ತದೆ. ಹಾಲಿನ ಸಕ್ಕರೆಯ ದೆಸೆಯಿಂದ ಬೇಗ ಕೆಂಪಗಾಗುವುದರಿಂದ ಉರಿ ಸ್ವಲ್ಪ ಸಣ್ಣಗಿರಬೇಕು. ಜೋಳದ ರೊಟ್ಟಿಗೆ ಎಸರಾಗಿ ಇದನ್ನೇ ಕುದಿಸಿ ಬಳಸಬಹುದು. ರಾಗಿ ಅಂಬಲಿಗೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಅಂಬಲಿಗೆ ಮಜ್ಜಿಗೆ ಕೊಡುವ ಹುಳಿಯನ್ನೇ ಇದು ಕೊಡುತ್ತದೆ. ಮುದ್ದೆಗೆ ಹಾಕಬಹುದಾದರೂ ಮುದ್ದೆಯ ರುಚಿಯಲ್ಲಿ ಹುಳಿಯನ್ನು ಒಪ್ಪದವರು ಬಹಳ. ಅಲ್ಲಿ ಒತ್ತಾಯ ಬೇಡ. ಚಿತ್ರಾನ್ನಕ್ಕೆಂದು ಅನ್ನ ಮಾಡುವಾಗ ಅರ್ಧ ನೀರು, ಅರ್ಧ ಹಾಲೊಡಕು ಹಾಕಿದರೆ ನಿಂಬೆ ಉಳಿಯುತ್ತದೆ.

ಸಾರಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅಗತ್ಯ. ತೊಗರಿಬೇಳೆಯನ್ನು ಈ ನೀರಿನಲ್ಲಿಯೇ ಬೇಯಲು ಇಟ್ಟವರು, ಕುಕ್ಕರ್ ಎಷ್ಟು ಸೀಟಿ ಕೂಗಿದರೂ ಬೇಳೆ ಬೇಯಲಿಲ್ಲವೆಂದು ಹಾಲೊಡಕನ್ನೇ ಶಪಿಸಿ ಬಿಟ್ಟುಬಿಡುತ್ತಾರೆ. ತಪ್ಪು ನೀರಿನದಲ್ಲ, ಹಾಕಿದ ಸಮಯದ್ದು. ಹುಳಿಯೂ ಸುಣ್ಣದಂಶವೂ ಇರುವ ನೀರಿನಲ್ಲಿ ಬೇಳೆಕಾಳು ಮೆತ್ತಗಾಗುವುದು ನಿಧಾನ. ಹುಣಸೆಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕೆಂದು ಅಜ್ಜಿಯರು ಕಲಿಸಿದ್ದು ಇದೇ ಕಾರಣಕ್ಕೆ. ಬೇಳೆಯನ್ನು ಬರಿಯ ನೀರಿನಲ್ಲಿ ಬೇಯಿಸಿ, ಸಾರು ಕುದಿಸುವಾಗ ಹಾಲೊಡಕನ್ನು ಸೇರಿಸಿ, ಹುಣಸೆಹುಳಿಯನ್ನು ಅಷ್ಟು ಕಡಿಮೆ ಮಾಡಿದರೆ ಸಾರಿಗೆ ಒಳ್ಳೆಯ ಮೈ ಬರುತ್ತದೆ. ಆಲೂಗೆಡ್ಡೆ, ಹುರುಳಿ, ಅಲಸಂದೆಗೂ ಇದೇ ನಿಯಮ.

ಕುಡಿಯುವುದಾದರೆ ನಿಂಬೆರಸದಿಂದ ಒಡೆಸಿದ ನೀರು ಉತ್ತಮ. ಉಪ್ಪು, ಜೀರಿಗೆ, ಕೊತ್ತಂಬರಿ, ಚಿಟಿಕೆ ಇಂಗು ಹಾಕಿದರೆ ಮಸಾಲೆ ಮಜ್ಜಿಗೆಯ ನೆಂಟನಂತಿರುತ್ತದೆ. ಬೆಲ್ಲ, ಏಲಕ್ಕಿ ಹಾಕಿದರೆ ಪಾನಕವಾಗುತ್ತದೆ. ಹಾಲು ಕುಡಿದರೆ ಹೊಟ್ಟೆ ಕೆಡುವವರು ಮಾತ್ರ ಇದರಿಂದ ದೂರವಿರಬೇಕು. ಅವರಿಗೆ ಒಗ್ಗದ ಲ್ಯಾಕ್ಟೋಸ್ ಪನೀರಿನಲ್ಲಿ ಅಲ್ಪ, ಈ ನೀರಿನಲ್ಲಿಯೇ ಹೆಚ್ಚು. ಮಧುಮೇಹಿಗಳು ಇದನ್ನು ಸಕ್ಕರೆಯಿರುವ ಪಾನೀಯವೆಂದೇ ಪರಿಗಣಿಸಬೇಕು. ಹಸುಗೂಸುಗಳಿಗೆ ಕೊಡತಕ್ಕದ್ದಲ್ಲ.

ಇನ್ನೊಂದು ಉಪಯೋಗ ಮಿತವ್ಯಯದ ದೃಷ್ಟಿಯಿಂದ ಗಮನಾರ್ಹ. ಹೀಗೆ ಬಂದ ನೀರಿಗೆ ಒಂದು ಚಮಚ ಮೊಸರು ಬೆರೆಸಿ ಒಂದು ರಾತ್ರಿ ಬೆಚ್ಚಗಿನ ಜಾಗದಲ್ಲಿಟ್ಟರೆ ಅದು ಚೆನ್ನಾಗಿ ಹುಳಿಯೇರುತ್ತದೆ. ಮರುದಿನ ಹಾಲು ಒಡೆಸಲು ನಿಂಬೆಯ ಬದಲು ಅದನ್ನೇ ಬಳಸಬಹುದು. ನಿಂಬೆರಸಕ್ಕಿಂತ ಬಹಳ ಹೆಚ್ಚು ಪ್ರಮಾಣ ಬೇಕಾಗುವುದರಿಂದ, ಅದನ್ನೂ ಬಿಸಿ ಮಾಡಿಕೊಂಡು, ತಿಳಿನೀರು ಕಾಣುವವರೆಗೆ ಹಾಕುತ್ತ ಹೋಗಬೇಕು. ದಿನವೂ ಪನೀರ್ ಮಾಡುವವರಿಗೆ ಇದರಿಂದ ನಿಂಬೆಯ ಖರ್ಚು ಇಲ್ಲವಾಗುತ್ತದೆ. ಬೂಷ್ಟು ಹಿಡಿದ, ಹುಳಿಯಲ್ಲದ ಬೇರೆ ದುರ್ವಾಸನೆ ಬಂದ ನೀರನ್ನು ಬಳಸಬಾರದು.

ಈ ನೀರನ್ನು ಬತ್ತಿಸಿ ಸಿಹಿ ಮಾಡಬಹುದಲ್ಲವೇ ಎಂದು ಕೇಳುವವರಿದ್ದಾರೆ. ನಾರ್ವೆ ದೇಶದಲ್ಲಿ ಹಾಲೊಡಕನ್ನು ಗಂಟೆಗಟ್ಟಲೆ ಬತ್ತಿಸಿ ಕಂದುಬಣ್ಣದ ಗಿಣ್ಣಿನಂತಹ ತಿನಿಸು ಮಾಡುವುದುಂಟು. ಆದರೆ 800 ಮಿಲಿ ಲೀಟರ್ ಹಾಲೊಡಕಿನ ನೀರನ್ನೆಲ್ಲ ಆವಿ ಮಾಡಲು ಸುಮಾರು 60ರಿಂದ 70 ಗ್ರಾಂ ಅಡುಗೆ ಅನಿಲ ಬೇಕು. ಕೊನೆಗೆ ಸಿಗುವುದು 50 ಗ್ರಾಮಿನಷ್ಟು ಪದಾರ್ಥ. ಸಿಗುವುದಕ್ಕಿಂತ ಸುಡುವುದು ಹೆಚ್ಚಾದ ಲೆಕ್ಕವಿದು. ಸೌದೆ ಒಲೆಯಾದರೂ ಸೌದೆ ತರುವ ಶ್ರಮ ಹೆಣ್ಣುಮಕ್ಕಳದ್ದೇ.

ಮನೆಯವರು ಬಳಸಿ ಮಿಕ್ಕಿದ್ದು ಕೊಟ್ಟಿಗೆಗೆ ಹೋಗಬಹುದು. ಅಕ್ಕಿ ತೊಳೆದ ನೀರು, ಗಂಜಿ ಸೇರುವ ಕಲಗಚ್ಚಿನ ಬಾನಿಗೆ ಇದೂ ಸೇರಲಿ. ಬೂಸಾ, ಹಿಂಡಿ ನೆನೆಸಲು ಇದನ್ನು ನೀರಿನೊಂದಿಗೆ ಬೆರೆಸಿ ಕೊಟ್ಟರೆ ದನಗಳು ಇಷ್ಟಪಟ್ಟು ತಿನ್ನುತ್ತವೆ. ಮೊದಲ ದಿನವೇ ಬಕೆಟ್‌ಗಟ್ಟಲೆ ಕುಡಿಸಿದರೆ ಸಕ್ಕರೆ ಮತ್ತು ಹುಳಿಯಿಂದ ಹೊಟ್ಟೆ ಕೆಟ್ಟು ಭೇದಿಯಾಗುವುದು ಖಂಡಿತ. ದಿನಕ್ಕೊಂದಿಷ್ಟು ಹೆಚ್ಚಿಸುತ್ತ ಅಭ್ಯಾಸ ಮಾಡಿಸಬೇಕು. ಉಪ್ಪು ಹಾಕದ ಹಾಲೊಡಕನ್ನು ಹತ್ತು ಪಾಲು ನೀರಿನಲ್ಲಿ ಬೆರೆಸಿ ಕೈತೋಟದ ಗಿಡಗಳ ಬುಡಕ್ಕೆ, ಇಲ್ಲವೇ ಗೊಬ್ಬರದ ಗುಂಡಿಗೆ ಹಾಕಬಹುದು. ಒಂದೇ ಗಿಡಕ್ಕೆ ದಿನವೂ ಸುರಿಯಬಾರದು. ಕುಂಬಳ ಜಾತಿಯ ಬಳ್ಳಿಗಳ ಎಲೆಯ ಮೇಲೆ ಕಾಣುವ ಬೂದಿ ರೋಗಕ್ಕೆ ನೀರು ಬೆರೆಸಿದ ಹಾಲಿನ ಸಿಂಪಡಣೆ ಪರಿಣಾಮಕಾರಿ ಎಂದು ಬ್ರೆಜಿಲ್ ದೇಶದ ಪ್ರಯೋಗವೊಂದು 1999ರಲ್ಲಿ ಪ್ರಕಟವಾಗಿದೆ. ಆಸ್ಟ್ರೇಲಿಯಾದ ದ್ರಾಕ್ಷಿ ತೋಟಗಳಲ್ಲಿ ಹಾಲೊಡಕನ್ನೂ ಇದೇ ರೋಗಕ್ಕೆ ಪರೀಕ್ಷಿಸಿದ್ದಾರೆ. ಮನೆಯ ಹಿತ್ತಲಿನ ಎರಡು ಬಳ್ಳಿಗಳ ಮೇಲೆ ಪ್ರಯತ್ನಿಸಿ ನೋಡಲು ಅಡ್ಡಿಯಿಲ್ಲ.

ಇನ್ನು ಚರಂಡಿಯ ವಿಷಯ. ಪಂಚಾಯತಿಯ ಕಚೇರಿಗೆ ಪನೀರಿನ ಪ್ರಶ್ನೆ ಅರ್ಜಿಯ ರೂಪದಲ್ಲಿ ಬರುವುದು ಇಲ್ಲಿಂದಲೇ. ಹಾಲೊಡಕು ನೋಡಲು ತಿಳಿ, ಮುಟ್ಟಲು ನಿರುಪದ್ರವಿ. ಆದರೆ ಅದರೊಳಗಿನ ಸಕ್ಕರೆಯನ್ನು ತಿನ್ನಲು ಸೂಕ್ಷ್ಮಜೀವಿಗಳು ಮುಗಿಬೀಳುತ್ತವೆ, ತಿನ್ನುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಈ ಹೊರೆಯನ್ನು ಅಳೆಯುವ ಮಾನಕ್ಕೆ ಜೈವಿಕ ಆಮ್ಲಜನಕ ಬೇಡಿಕೆ ಎಂದು ಹೆಸರು. ಸಾಮಾನ್ಯ ಮನೆಗಳ ಕೊಳಚೆ ನೀರಿನಲ್ಲಿ ಅದು ಲೀಟರಿಗೆ 200ರಿಂದ 300 ಮಿಲಿಗ್ರಾಂ. ಹಾಲೊಡಕಿನಲ್ಲಿ 30,000ದಿಂದ 50,000 ಮಿಲಿಗ್ರಾಂ. ಕೆರೆ, ಹೊಳೆಗಳಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಇದು 30 ಮಿಲಿಗ್ರಾಂ ಮೀರಬಾರದೆಂಬುದು ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡ.

ವಾರಕ್ಕೊಮ್ಮೆ ಒಂದು ಲೀಟರ್ ಹಾಲು ಒಡೆಸುವ ಮನೆಯಿಂದ ಊರಿನ ಚರಂಡಿ ಕೆಡುತ್ತದೆ ಎಂದರೆ ಅತಿಶಯೋಕ್ತಿಯಾದೀತು. ಅಲ್ಲಿ ನಷ್ಟ ಆ ಮನೆಯ ಊಟದ್ದು ಮಾತ್ರ. ಉದ್ಯೋಗವಾಗಿ ಮಾಡಿದಾಗ ಲೆಕ್ಕ ಬೇರೆ. ಒಂದು ಗುಂಪು ದಿನಕ್ಕೆ 50 ಲೀಟರ್ ಹಾಲಿನ ಪನೀರ್ ಮಾಡಿದರೆ 40 ಲೀಟರ್ ಹಾಲೊಡಕು ಬರುತ್ತದೆ. ಅದರ ಹೊರೆ 1.2 ಕಿಲೋದಿಂದ ಎರಡು ಕಿಲೋದವರೆಗೆ. ಒಬ್ಬ ವ್ಯಕ್ತಿಯಿಂದ ದಿನಕ್ಕೆ 45 ಗ್ರಾಂ ಹೊರೆ ಎಂಬ ಲೆಕ್ಕದಲ್ಲಿ, ಇದು ಸುಮಾರು 30ರಿಂದ 40 ಜನರ ಕೊಳಚೆಗೆ ಸಮ. ಒಂದೇ ಅಡುಗೆಮನೆಯಿಂದ ಎರಡು ಬಕೆಟ್ಟಿನಲ್ಲಿ ಎಂಟು ಹತ್ತು ಕುಟುಂಬಗಳ ಹೊಲಸು ಹೊರಬಿದ್ದಂತೆ. ಹರಿವಿಲ್ಲದ ಚರಂಡಿಯಲ್ಲಿ ಅದು ಎರಡೇ ದಿನಕ್ಕೆ ಕೊಳೆತ ಮೊಟ್ಟೆಯಂತೆ ನಾರುತ್ತದೆ, ನೊಣ ಮುತ್ತುತ್ತದೆ. ಉದ್ಯೋಗ ಖಾತರಿ ಯೋಜನೆಯಡಿ ಕಟ್ಟಿಕೊಂಡ ಬಚ್ಚಲು ಗುಂಡಿಗೆ ಬಿಟ್ಟರೆ ಇನ್ನೊಂದು ತೊಂದರೆ. ಸಕ್ಕರೆ ಮತ್ತು ಜಿಡ್ಡನ್ನು ತಿಂದು ಬೆಳೆದ ಲೋಳೆಯು ಗುಂಡಿಯ ಗೋಡೆಯ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ನೀರು ಇಂಗುವುದು ನಿಲ್ಲುತ್ತದೆ. ಸ್ನಾನದ ನೀರಿಗೆಂದು ಅಳತೆ ಮಾಡಿ ತೋಡಿದ ಗುಂಡಿ ಹಾಲೊಡಕಿಗೆ ತಾಳುವುದಿಲ್ಲ.

ಆಗ ನಡೆಯುವುದು ಎಲ್ಲರಿಗೂ ತಿಳಿದದ್ದೇ. ನೆರೆಮನೆಯವರು ಮೊದಲು ಮಾತಿನಲ್ಲಿ ಹೇಳುತ್ತಾರೆ, ನಂತರ ಜಗಳ, ನಂತರ ಅರ್ಜಿ. ಸಾಲ ತಂದು ಪಾತ್ರೆ ಕೊಂಡ ಹತ್ತು ಮಂದಿ ಹೆಂಗಸರು ಒಂದು ಕಡೆ, ಮಕ್ಕಳೊಂದಿಗೆ ಆ ವಾಸನೆಯಲ್ಲಿ ಉಣ್ಣಬೇಕಾದ ನೆರೆಯವರು ಇನ್ನೊಂದು ಕಡೆ. ಇಬ್ಬರ ಮಾತೂ ನ್ಯಾಯವೇ. ಘಟಕ ಮುಚ್ಚಿಸಿದರೆ ದುಡಿಮೆ ಹೋಯಿತು, ಮುಚ್ಚಿಸದಿದ್ದರೆ ಬೀದಿಯ ನೆಮ್ಮದಿ ಹೋಯಿತು. ಅರ್ಜಿ ಬಂದ ಮೇಲೆ ಈ ಗಂಟನ್ನು ಬಿಡಿಸುವುದು ಕಷ್ಟ. ಹಾಲು ಒಲೆಯ ಮೇಲಿಡುವ ಮುಂಚೆಯೇ ನೀರಿಗೆ ದಾರಿ ಗೊತ್ತುಮಾಡಿಕೊಂಡಿದ್ದರೆ ಗಂಟೇ ಬೀಳುವುದಿಲ್ಲ. ಆದ್ದರಿಂದ ಪನೀರ್ ಘಟಕಕ್ಕೆ ಮುಂದೆ ಬರುವ ಗುಂಪು, ಸಾಲದ ಅರ್ಜಿಯಲ್ಲಿ ಹಾಲು ಎಲ್ಲಿಂದ ಎಂದು ಬರೆಯುವಷ್ಟೇ ಸ್ಪಷ್ಟವಾಗಿ ಹಾಲೊಡಕು ಎಲ್ಲಿಗೆ ಎಂದೂ ಬರೆಯಬೇಕು: ಯಾವ ಯಾವ ಸದಸ್ಯರ ಕೊಟ್ಟಿಗೆಗೆ ದಿನಕ್ಕೆ ಎಷ್ಟು ಲೀಟರ್, ಮಳೆಗಾಲದಲ್ಲಿ ಮಿಕ್ಕರೆ ಯಾರ ಗೊಬ್ಬರದ ಗುಂಡಿಗೆ. ನಾಲ್ಕು ಐದು ಮನೆಗಳ ದನಗಳು 40 ಲೀಟರನ್ನು ಹಂಚಿಕೊಂಡು ಸುಲಭವಾಗಿ ಮುಗಿಸಬಲ್ಲವು. ದನಗಳಿಲ್ಲದ ಬೀದಿಯಲ್ಲಿ ಇಂತಹ ಘಟಕ ಆರಂಭಿಸುವುದು ವಿವೇಕವಲ್ಲ.

ಹಣದ ಲೆಕ್ಕವೂ ಒಂದಿಷ್ಟು. ಹಸುವಿನ ಹಾಲು ಲೀಟರಿಗೆ 40 ರೂಪಾಯಿ ಎಂದಿಟ್ಟುಕೊಂಡರೆ, ಒಂದು ಕಿಲೋ ಪನೀರಿಗೆ ಆರೂವರೆಯಿಂದ ಏಳು ಲೀಟರ್ ಬೇಕು. ಹಾಲಿಗೇ 260ರಿಂದ 280 ರೂಪಾಯಿ ಆಯಿತು. ಇಂಧನ, ದುಡಿಮೆ, ಸಾಗಣೆ ಬೇರೆ. ಪೇಟೆಯಲ್ಲಿ ಕಿಲೋ 200 ರೂಪಾಯಿಗೆ ಪನೀರ್ ಎಂದು ಕೊಡುವವರಿದ್ದರೆ, ಅದು ಪೂರ್ತಿ ಹಾಲಿನದೇ ಎಂಬುದಕ್ಕೆ ಈ ಲೆಕ್ಕ ಒಪ್ಪುವುದಿಲ್ಲ. ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯಜನ್ಯ ಎಣ್ಣೆ ಸೇರಿಸಿ ಮಾಡಿದ ಪದಾರ್ಥಕ್ಕೆ ಪನೀರ್ ಎಂಬ ಹೆಸರಿಡಲು ಕಾನೂನಿನಲ್ಲಿ ಅವಕಾಶವಿಲ್ಲ. ಪಿಷ್ಟ ಬೆರೆಸಿದ್ದಾರೆಯೇ ಎಂದು ತಿಳಿಯಲು ಒಂದು ತುಂಡನ್ನು ನೀರಿನಲ್ಲಿ ಕುದಿಸಿ ಆರಿಸಿ, ಎರಡು ಹನಿ ಟಿಂಕ್ಚರ್ ಅಯೋಡಿನ್ ಹಾಕಿದರೆ ಸಾಕು, ನೀಲಿಯಾದರೆ ಪಿಷ್ಟವಿದೆ. ಮನೆಯಲ್ಲಿ ಮಾಡಿದ ಪನೀರಿನ ದೊಡ್ಡ ಲಾಭ, ಒಳಗೇನಿದೆ ಎಂಬುದು ಮಾಡಿದವರಿಗೆ ಗೊತ್ತಿರುವುದು.

ಮಾರಾಟಕ್ಕೆ ಇಳಿಯುವ ಗುಂಪುಗಳು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳುವುದು ಕಡ್ಡಾಯ. ಪನೀರಿನಲ್ಲಿ ತೇವಾಂಶ ಶೇಕಡಾ 60 ಮೀರಬಾರದು, ಒಣ ಪದಾರ್ಥದಲ್ಲಿ ಹಾಲಿನ ಕೊಬ್ಬು ಶೇಕಡಾ 50ಕ್ಕೆ ಕಡಿಮೆಯಾಗಬಾರದು ಎಂಬುದು ಮಾನದಂಡ. ತೂಕ ಹೆಚ್ಚಲೆಂದು ನೀರು ಹಿಂಡದೆ ಬಿಡುವವರು ಮೊದಲನೆಯದರಲ್ಲಿ ಸಿಕ್ಕಿಬೀಳುತ್ತಾರೆ. ಕೆನೆ ತೆಗೆದ ಹಾಲು ಬಳಸುವವರು ಎರಡನೆಯದರಲ್ಲಿ. ಕೊಬ್ಬು ಕಡಿಮೆಯಿರುವ ಪನೀರಿಗೆ ಪ್ರತ್ಯೇಕ ವರ್ಗವಿದೆ, ಪೊಟ್ಟಣದ ಮೇಲೆ ಹಾಗೆಂದೇ ಮುದ್ರಿಸಿ ಮಾರಬೇಕು. ಹಾಲೊಡಕಿನ ಪಾನೀಯವನ್ನು ಮಾರುವ ಆಲೋಚನೆ ಕೆಲವರಲ್ಲಿದೆ. ತಂಪು ಸರಪಳಿಯಿಲ್ಲದೆ ಅದು ಸಂಜೆಯೊಳಗೆ ಹುಳಿಯೇರುವುದರಿಂದ, ಸದ್ಯಕ್ಕೆ ಅದು ಮನೆಯ ಬಳಕೆಗೆ ಮಾತ್ರ ಸೂಕ್ತ.

ಈಗ ಪ್ರಾತ್ಯಕ್ಷಿಕೆ. ಸಹಕಾರ ಸಂಘದಿಂದ ಬೆಳಿಗ್ಗೆ ತರಿಸಿದ ಐದು ಲೀಟರ್ ಹಸುವಿನ ಹಾಲು ಸಭಾಂಗಣದ ಹಿಂಭಾಗದ ಒಲೆಯ ಮೇಲಿದೆ. ಮೂವರು ಸದಸ್ಯೆಯರು ಬಂದು ಒಬ್ಬರು ಕೈಯಾಡಿಸಲು, ಒಬ್ಬರು ಹುಳಿ ಹಾಕಲು, ಒಬ್ಬರು ಬಟ್ಟೆ ಹಿಡಿಯಲು ನಿಲ್ಲಬೇಕಾಗಿ ವಿನಂತಿ. ದೊರೆತ ಪನೀರನ್ನೂ ಸೋಸಿದ ನೀರನ್ನೂ ಎಲ್ಲರೆದುರು ತೂಗಿ, ಎರಡೂ ಅಂಕಿಗಳನ್ನು ಹಲಗೆಯ ಮೇಲೆ ಬರೆಯಲಾಗುವುದು. ಮಧ್ಯಾಹ್ನದ ಊಟದ ಬೇಳೆ ಆಗಲೇ ಬರಿಯ ನೀರಿನಲ್ಲಿ ಬೆಂದಿದೆ. ಸಾರಿಗೆ ಹುಣಸೆಹುಳಿ ಹಾಕಿಲ್ಲ.